ಹೊರಡುವ ಮೊದಲೇ ಮುಟ್ಟಿದ ಲಾರಿ

ನೋಡ್ರಪಾ, ಇವತ್ತು ಸಿಂದಗಿಯ ನಮ್ಮ ಲಾರಿ ಆಫೀಸಿಗೆ ಬಾಗೇವಾಡಿಯ ದಾಲ್ ಮಿಲ್ಲಿನ ಸಾವಕಾರರ ಫೋನು ಬಂತು.

"ತೊಗರಿ ಬಂದು ಇಳದೈತಿ ಅಂತ ನಿಮ್ಮ ಲಾರಿ ಆ್ಯಪಿನ್ಯಾಗ ತೋರಸಾಕತ್ತೈತಿ. ನಮ್ಮ ಹಮಾಲರು ಖಾಲಿ ಕುಂತಾರ. ಲಾರಿ ಎಲ್ಲೈತ್ರಿ?"

ಕಿಟಕಿಯಾಚೆ ನೋಡಿದೆ. ತೊಗರಿ ತುಂಬಿದ ಲಾರಿ ನಮ್ಮ ಅಂಗಳದಲ್ಲೇ ನಿಂತಿತ್ತು. ಡ್ರೈವರ್ ಶಿವಪ್ಪ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಫೋನಿಗೆ ಕೈ ಅಡ್ಡ ಹಿಡಿದು ಕೂಗಿದೆ.

"ಏನಪಾ ಇದು, ಶಿವಪ್ಪಾ? ಮಾಲ್ ಇಳದೈತಿ ಅಂತ ಆ್ಯಪಿನ್ಯಾಗ ಬಂದೈತಂತಲ್ಲೊ?"

"ಗಾಡಿ ಹೊಡಿಯುವಾಗ ಮೊಬೈಲ್ ಮುಟ್ಟಬ್ಯಾಡ ಅಂತ ನೀವಽ ಹೇಳಿದ್ರಲ್ರಿ, ಮಾಲಕರ. ಅದಕ್ಕ 'ಹೊರಟೆ', 'ಊರು ಮುಟ್ಟಿದೆ', 'ಮಾಲ್ ಇಳಿಸಿದೆ', ಎಲ್ಲಾ ಬಟನ್ ಈಗಽ ಒತ್ತಿಬಿಟ್ಟೇನಿ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಸಾವಕಾರರು ಫೋನಿನಲ್ಲಿ "ಹಲೋ, ಹಲೋ" ಎಂದು ಅರಚತೊಡಗಿದರು.

"ಹಾದ್ಯಾಗ ಐತ್ರಿ ಸಾವಕಾರ, ಇನ್ನೇನ್ ಬಂತು" ಎಂದೆ.

ಈ ಮಾತನ್ನು ಇನ್ನು ಯಾರೂ ಹೇಳಬಾರದೆಂದೇ ಆ್ಯಪ್ ಹಾಕಿಸಿದವನು ನಾನು.