ಗಾಳಿಗೆ ಹೊಡೆದ ಹೊಡೆತ

ಗಾಲ್ಫ್ ಆಟದಲ್ಲಿ ಅಂಪೈರ್ ಇರುವುದಿಲ್ಲ ಎಂಬುದನ್ನು ನನಗೆ ಕಲಿಸಿದವರು ನಮ್ಮ ಮ್ಯಾನೇಜರ್. ಒಂದು ಶನಿವಾರ ತುಮಕೂರಿನಿಂದ ಕುಣಿಗಲ್ ಕಡೆಗೆ ಅವರ ಕಾರಿನಲ್ಲಿ ಹೋಗುತ್ತಿದ್ದೆವು. ಅಲ್ಲೊಂದು ರೆಸಾರ್ಟಿನಲ್ಲಿ ಮೂರೇ ಗುಂಡಿಗಳ ಪುಟ್ಟ ಮೈದಾನವಿತ್ತು. ಕಂಪನಿಯ ಹಿರಿಯ ಗಿರಾಕಿಯೊಬ್ಬರ ಜೊತೆ ಅವರು ಆಡುವವರಿದ್ದರು. ಅಂಕ ಬರೆಯಬೇಕಾದ ಸಹೋದ್ಯೋಗಿ ರಜೆಯಲ್ಲಿದ್ದುದರಿಂದ, ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನನ್ನನ್ನು ಕರೆದಿದ್ದರು. ನಾನು ಕೆಲಸಕ್ಕೆ ಸೇರಿ ವರ್ಷವಾಗುತ್ತ ಬಂದಿತ್ತು. ನನ್ನನ್ನು ಖಾಯಂ ಮಾಡುವ ವರದಿಗೆ ಬರುವ ಸೋಮವಾರ ಸಹಿ ಹಾಕಬೇಕಾದವರೂ ಅವರೇ.

“ಹೊಡೀಬೇಕು ಅಂತ ಬೀಸಿದ್ರೆ ಮುಗೀತು ಕಣಮ್ಮ. ಬಾಲಿಗೆ ತಾಗ್ಲಿ ಬಿಡ್ಲಿ, ಅದೊಂದು ಸ್ಟ್ರೋಕು. ಕಮ್ಮಿ ಸ್ಟ್ರೋಕಲ್ಲಿ ಮುಗಿಸಿದೋನು ಗೆದ್ದ. ನಮ್ ತಪ್ಪು ನಾವೇ ಹೇಳ್ಕೋಬೇಕು, ಅದೇ ಈ ಗೇಮಿನ ಮರ್ಯಾದೆ” ಎಂದರು.

ತಪ್ಪನ್ನು ಬಚ್ಚಿಟ್ಟುಕೊಂಡೇ ಪದವಿಯವರೆಗೆ ಬಂದವಳು ನಾನು. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವರಲ್ಲಿ ನಾನೇ ಮೊದಲು. ಉಚ್ಚಾರ ಖಚಿತವಿಲ್ಲದ ಪದವನ್ನು ಬಾಯಿಗೆ ತರುತ್ತಿರಲಿಲ್ಲ. ಮೀಟಿಂಗಿನಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದೆ. ತನ್ನ ತಪ್ಪನ್ನು ತಾನೇ ಗಟ್ಟಿಯಾಗಿ ಹೇಳಿಕೊಳ್ಳುವ ಆಟವನ್ನು ಹೊಟ್ಟೆ ತುಂಬಿದವರೇ ಕಂಡುಹಿಡಿದಿರಬೇಕು ಎನಿಸಿತು.

ಆಟ ಆರಂಭವಾಯಿತು. ಚೆಂಡು ನಿಂತಲ್ಲೇ ನಿಂತಿತ್ತು. ಎಸೆಯುವವರಿಲ್ಲ, ಅಡ್ಡ ಬರುವವರಿಲ್ಲ. ಆದರೂ ಇಬ್ಬರು ದೊಡ್ಡ ಮನುಷ್ಯರು ಅದರ ಮುಂದೆ ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು ಹೆದರುತ್ತಿದ್ದರು. ಗಿರಾಕಿಯ ಚೆಂಡು ಎರಡು ಸಲ ಪೊದೆ ಸೇರಿತು. ಹುಲ್ಲು ನೋಡಿಕೊಳ್ಳುತ್ತಿದ್ದ ಅಮೃತೂರು ಕಡೆಯ ಹೆಂಗಸೊಬ್ಬಳು ಅದನ್ನು ಹುಡುಕಿಕೊಟ್ಟು, “ಕೋಳಿಮೊಟ್ಟೆ ಹುಡ್ಕಿದಂಗಾಯ್ತು ಸಾಮಿ. ಇನ್ನೊಂದ್ ಕಿತ ಹೋದ್ರೆ ಕಾವಿಗೆ ಕೂರಿಸ್ಬುಡ್ತೀನಿ” ಎಂದಳು.

ಎರಡು ಗುಂಡಿ ಮುಗಿದಾಗ ಇಬ್ಬರೂ ಸಮಸಮ. ಮೂರನೆಯದಕ್ಕೆ ಮ್ಯಾನೇಜರ್ ಬಲವಾಗಿ ಬೀಸಿದರು. ಕೋಲು ಗಾಳಿಯನ್ನು ಸೀಳಿತು, ಚೆಂಡು ಅಲುಗಲಿಲ್ಲ. ನನ್ನ ಬಾಯಿಂದ ಗಟ್ಟಿಯಾಗಿ ಬಂದೇಬಿಟ್ಟಿತು: “ಲಾಭ.”

ಕಣದಲ್ಲಿ ರಾಗಿ ಅಳೆಯುವಾಗ ನಮ್ಮಪ್ಪ ಮೊದಲ ಕೊಳಗವನ್ನು ಒಂದು ಎನ್ನುವುದಿಲ್ಲ. ಲಾಭ ಎಂದು ಶುರುಮಾಡಿ, ಆಮೇಲೆ ಎರಡು, ಮೂರು ಎನ್ನುತ್ತಾರೆ. ಬೆಳಗಿನಿಂದ ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಎಣಿಸುತ್ತಿದ್ದ ನನಗೆ ಗಾಬರಿಯಲ್ಲಿ ಬಂದದ್ದು ಆ ಎಣಿಕೆ.

ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅಯ್ಯೋ, ಈವಮ್ಮ ರಾಗಿ ಅಳೀತಾವ್ಳೆ!”

“ಲಾಭ ಯಾರಿಗೆ ಸಾರ್, ನಿಮ್ಗೋ ನಂಗೋ?” ಎಂದು ಗಿರಾಕಿ ನಕ್ಕರು.

ಮ್ಯಾನೇಜರ್ ನಗಲಿಲ್ಲ. “ಅದು ಪ್ರಾಕ್ಟೀಸಿಗೆ ಬೀಸಿದ್ದಮ್ಮ, ಬರೀಬೇಡ. ಮೊದ್ಲು ನೆಟ್ಟಗೆ ಎಣಿಸೋದು ಕಲಿ.”

ನನ್ನ ಕಿವಿ ಬಿಸಿಯಾಯಿತು. ಉಳಿದ ಯಾವ ತಪ್ಪಿಗೆ ಬೇಕಾದರೂ ನಾಚಿಕೊಂಡೇನು, ಅಪ್ಪನ ಎಣಿಕೆಗೆ ನಾಚಿಕೊಳ್ಳಲಾರೆ ಎಂಬ ಹಟ ಹುಟ್ಟಿತು. ಆ ಎಣಿಕೆಯಲ್ಲಿ ಅವರು ಒಂದು ಕೊಳಗವನ್ನೂ ತಪ್ಪಿದ್ದನ್ನು ನಾನು ಕಂಡಿಲ್ಲ.

“ಹೊಡೀಬೇಕು ಅಂತಾನೇ ಬೀಸಿದ್ರಿ ಸರ್. ತಾಗ್ದೇ ಇದ್ರೂ ಸ್ಟ್ರೋಕು ಅಂತ ಕಾರಲ್ಲಿ ನೀವೇ ಹೇಳಿದ್ರಿ” ಎಂದೆ. ಪೆನ್ಸಿಲನ್ನು ಒತ್ತಿ ಹಿಡಿದು ಒಂದು ಗೆರೆ ಎಳೆದೆ.

ಆ ಗೆರೆಯೂ ಸೇರಿ ಮೂರನೆಯ ಗುಂಡಿಗೆ ಅವರದು ಏಳು, ಗಿರಾಕಿಯದು ಆರು. ಅವರು ಒಂದೇ ಹೊಡೆತದಿಂದ ಸೋತರು. ವಾಪಸು ಬರುವಾಗ ಕಾರಿನ ರೇಡಿಯೋವನ್ನು ಜೋರು ಮಾಡಿಕೊಂಡರು.

ಮರುದಿನ ಊರಿಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಕೆಲಸ ಖಾಯಂ ಆಗದಿರಬಹುದು ಎಂದಾಗ ಅವಳು ಅಳುತ್ತಾಳೆಂದು ಭಾವಿಸಿದ್ದೆ. ಅವಳು ಸೊಪ್ಪು ಬಿಡಿಸುತ್ತಲೇ, “ನಿಂತಿರೋ ಚೆಂಡಿಗೆ ಹೊಡ್ಯಕ್ಕಾಗ್ದೋನು ನಿನ್ನೇನೇ ಅಳೀತಾನೆ? ಬುಡತ್ಲಾಗೆ” ಎಂದಳು.

ಸೋಮವಾರ ವರದಿ ಕೈಗೆ ಬಂತು. ಖಾಯಮಾತಿಯನ್ನು ಆರು ತಿಂಗಳು ಮುಂದೂಡಲಾಗಿತ್ತು. ಕಾರಣ: ಸಂವಹನ ಕೌಶಲ ಸುಧಾರಿಸಬೇಕು. ಕೊನೆಯಲ್ಲಿ ಉದ್ಯೋಗಿಯ ಅನಿಸಿಕೆಗೆಂದು ಎರಡು ಸಾಲಿನ ಜಾಗವಿತ್ತು.

“ಥ್ಯಾಂಕ್ಯೂ ಅಂತ ಬರ್ದು ಸೈನ್ ಹಾಕ್ರೀ, ಎಲ್ರೂ ಹಂಗೇ ಮಾಡೋದು” ಎಂದರು ಕಾಗದ ತಂದುಕೊಟ್ಟ ಗುಮಾಸ್ತರು.

ನಾನು ಬರೆದೆ: “ಸಂವಹನವನ್ನು ಸುಧಾರಿಸಿಕೊಳ್ಳುತ್ತೇನೆ. ಮೂರನೆಯ ಗುಂಡಿಗೆ ತಾವು ಹೊಡೆದದ್ದು ಏಳು, ಆರಲ್ಲ.” ಕಾಗುಣಿತವನ್ನು ಎರಡು ಬಾರಿ ನೋಡಿದೆ. ಸಹಿ ಹಾಕಿ, ಗುಮಾಸ್ತರ ಕೈಗೆ ಕೊಡದೆ, ನಾನೇ ಹೋಗಿ ಮ್ಯಾನೇಜರ್ ಮುಂದೆ ಇಟ್ಟೆ.