ವಾಸುದೇವ ಮಾಸ್ತರ ಉಷ್ಣ ಮತ್ತು ತಾಪ

ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಅಂಗಿ ಜೇಬಿನಲ್ಲಿ ವಾಸುದೇವ ಮಾಸ್ತರು ಥರ್ಮಾಮೀಟರ್ ಇಟ್ಟುಕೊಳ್ಳುತ್ತಿದ್ದರು. ಜ್ವರ ನೋಡುವುದಲ್ಲ. ಶಾಲೆಯ ಪ್ರಯೋಗಶಾಲೆಯದು, ಗೇಣಿಗಿಂತ ಉದ್ದ, ನೂರಹತ್ತು ಡಿಗ್ರಿಯವರೆಗೆ ಗೆರೆ ಎಳೆದದ್ದು. ನಿವೃತ್ತಿಯ ದಿನ ಶಾಲು ಹೊದಿಸಲು ಬಂದವರಿಗೆ, ಶಾಲು ಬೇಡ, ಇದನ್ನು ಕೊಡಿ ಎಂದು ಕೇಳಿ ತಂದಿದ್ದರಂತೆ. ಭಾನುವಾರ ಊಟ ಮುಗಿಸಿ, ಅರ್ಧ ಗಂಟೆ ಅಡ್ಡಾಗೋಣ ಎಂದು ನಾನು ಚಾಪೆ ಹಾಸಿದರೆ ಸಾಕು, ಬೆಲ್ ಆಗುತ್ತಿತ್ತು. ಬಾಗಿಲು ತೆರೆದರೆ ಮೊದಲು ಕಾಣುವುದು ಆ ಗಾಜಿನ ಕಡ್ಡಿ, ಆಮೇಲೆ ಮಾಸ್ತರು.

"ಸೆಕ್ರೆಟರಿಯವರೇ, ಮೂವತ್ತೊಂಬತ್ತೂವರೆ."

ಅಷ್ಟೇ. ನಮಸ್ಕಾರವಿಲ್ಲ, ಊಟ ಆಯಿತಾ ಎನ್ನುವುದಿಲ್ಲ. ಡೊಂಬಿವಲಿಯ ನಮ್ಮ ನಾಲ್ಕು ಮಹಡಿಯ ಸೊಸೈಟಿಗೆ ನಾನು ಸೆಕ್ರೆಟರಿ. ಯಾರಿಗೂ ಬೇಡದ ಕೆಲಸ. ಒಂದು ಮೀಟಿಂಗಿಗೆ ತಡವಾಗಿ ಹೋದ ತಪ್ಪಿಗೆ ನನ್ನ ಕೊರಳಿಗೆ ಕಟ್ಟಿದ್ದರು. ವಾರದ ಆರು ದಿನ ಅಂಬರನಾಥದ ಫ್ಯಾಕ್ಟರಿಯಲ್ಲಿ ಕುಲುಮೆಯ ಎದುರು ನಿಂತು ಬೇಯುವ ನನಗೆ, ಏಳನೆಯ ದಿನ ಈ ಮಾಸ್ತರು ಡಿಗ್ರಿ ಲೆಕ್ಕ ಒಪ್ಪಿಸುತ್ತಿದ್ದರು.

ಅವರ ಮನೆ ಎಲ್ಲಕ್ಕಿಂತ ಮೇಲೆ, ಟೆರೇಸಿನ ನೇರ ಕೆಳಗೆ. ಹೆಂಡತಿ ಗಿರಿಜಕ್ಕನಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಹಗಲೂ ರಾತ್ರಿ ಹಾಸಿಗೆಯಲ್ಲಿ, ತಲೆ ಮೇಲಿನ ಸ್ಲ್ಯಾಬನ್ನೇ ನೋಡುತ್ತ ಮಲಗಿರುವವರು. ಎಸಿ ಹಾಕಿಸುವಂತಿರಲಿಲ್ಲ, ತಣ್ಣನೆ ಗಾಳಿ ತಾಗಿದರೆ ಆಕೆಯ ಕೈಕಾಲು ಸೆಟೆದುಕೊಳ್ಳುತ್ತಿತ್ತು. ಮಾಸ್ತರಿಗೆ ಬೇಕಾದದ್ದು ಒಂದೇ: ಬೇಸಿಗೆ ಏರುವ ಮೊದಲು ಟೆರೇಸಿಗೆ ಬಿಳಿ ಬಳಿಸಬೇಕು, ಆ ಕೋಣೆ ತುಸು ತಣ್ಣಗಾಗಬೇಕು. ಕಟ್ಟಡದಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಆದರೆ ಮಾಸ್ತರ ಬಾಯಲ್ಲಿ ಮಾತ್ರ ಅದು ಒಂದು ದಿನವೂ ಹಾಗೆ ಬರಲಿಲ್ಲ. ಬರುತ್ತಿದ್ದದ್ದು ಉಷ್ಣದ ವಹನ, ಸಂವಹನ, ವಿಕಿರಣ.

ಉಡುಪಿ ಕಡೆಯವರು. ಮುಂಬೈಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಿಜ್ಞಾನ ಕಲಿಸಿದವರು. ಶಾಲೆ ಬಿಟ್ಟರೂ ಪಾಠ ಬಿಟ್ಟಿರಲಿಲ್ಲ. ಒಮ್ಮೆ ನನ್ನ ಹೆಂಡತಿ, "ಮಗಳಿಗೆ ರಾತ್ರಿಯಿಂದ ಟೆಂಪರೇಚರ್ ಅದ ರೀ ಮಾಸ್ತರ" ಎಂದಳು. ಪಾಪ, ಹುಡುಗಿ ಹೇಗಿದ್ದಾಳೆ ಎಂದು ಕೇಳಬೇಕಲ್ಲವೇ?

"ಟೆಂಪರೇಚರ್ ಎಲ್ಲರಿಗೂ ಉಂಟಮ್ಮ. ಐಸಿಗೂ ಉಂಟು. ಜ್ವರ ಅಂತ ಹೇಳಿ."

ಹೆಂಡತಿ ಒಳಗೆ ಹೋಗಿ ಪಾತ್ರೆ ಕುಕ್ಕಿದ ಸದ್ದು ಮೂರನೇ ಮಹಡಿಗೂ ಕೇಳಿಸಿರಬೇಕು. ಆದರೆ ಮಾರನೆಯ ದಿನ ಅದೇ ಮಾಸ್ತರು ಗಂಜಿ ಮಾಡಿ, ಪಾತ್ರೆಗೆ ಟವೆಲ್ ಸುತ್ತಿ, ಎರಡು ಮಹಡಿ ಇಳಿದು ತಂದುಕೊಟ್ಟರು. ಕೊಡುವಾಗ ಟವೆಲ್ಲು ಯಾಕೆ ಸುತ್ತಬೇಕು, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಏನು ಮಾಡುತ್ತದೆ ಎಂದು ಕಾಲು ಗಂಟೆ ಹೇಳಿದರು. ಅಷ್ಟರಲ್ಲಿ ಗಂಜಿ ಆರಿತು.

ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳ ಒಂದು ಕೈಯನ್ನು ಸ್ಟೀಲ್ ತಟ್ಟೆಯ ಮೇಲೆ, ಇನ್ನೊಂದನ್ನು ಚಪಾತಿ ಮಣೆಯ ಮೇಲೆ ಇಡಿಸಿ, ಯಾವುದು ಹೆಚ್ಚು ತಣ್ಣಗುಂಟು ಎಂದು ಕೇಳಿದರು. "ಸ್ಟೀಲ್ ಠಂಡಾ ಹೈ" ಎಂದಳು. ಎರಡಕ್ಕೂ ಥರ್ಮಾಮೀಟರ್ ತಾಗಿಸಿ ತೋರಿಸಿದರು, ಒಂದೇ ಡಿಗ್ರಿ. "ಸ್ಟೀಲು ನಿನ್ನ ಕೈಯ ಉಷ್ಣವನ್ನು ಬೇಗ ಎಳಕೊಳ್ತದೆ, ಮಣೆ ನಿಧಾನ. ಕೈ ಹೇಳುವುದು ತಾಪ ಅಲ್ಲ ಮಗಾ, ಉಷ್ಣ ಹೋಗುವ ವೇಗ." ಅವಳು ಆ ವಾರವೆಲ್ಲ ಮನೆಯ ಒಂದೊಂದು ಸಾಮಾನನ್ನೂ ಮುಟ್ಟಿ ನೋಡುತ್ತ ನನ್ನ ತಲೆ ತಿಂದಳು.

ಈಗ ನನ್ನ ಪಾಲಿನ ಮಾತನ್ನೂ ಹೇಳಿಬಿಡುತ್ತೇನೆ. ಆ ಬೇಸಿಗೆಯ ಹಿಂದಿನ ಮಳೆಗಾಲದಲ್ಲಿ ಟೆರೇಸ್ ಸೋರಿ, ಗಿರಿಜಕ್ಕನ ಹಾಸಿಗೆಯ ಮೇಲೇ ನೀರು ತೊಟ್ಟಿಕ್ಕುತ್ತಿತ್ತು. ಆಗಲೂ ಮಾಸ್ತರು ದಿನಾ ನನ್ನ ಬಾಗಿಲಿಗೆ. ಅವರ ಕಾಟ ತಡೆಯಲಾರದೆ, ಮಳೆ ನಿಂತ ಮೇಲೆ ಕಂತ್ರಾಟುದಾರನನ್ನು ಹಿಡಿದು ಟೆರೇಸಿಗೆಲ್ಲ ಡಾಂಬರು ಶೀಟು ಅಂಟಿಸಿದೆ. ಕೆಲಸ ನಡೆಯುವಾಗ ಅವರು ಮೇಲೆ ಬಂದು ನೋಡಿ, "ಕಪ್ಪಾ? ಬೇಸಿಗೆಯಲ್ಲಿ ಎಂತ ಆಗ್ತದೆ ಅಂತ ಯೋಚನೆ ಮಾಡಿದ್ದೀರಾ?" ಎಂದಿದ್ದರು. "ನೀರು ನಿಂತ್ರ ಸಾಕಲ್ರಿ ಮಾಸ್ತರ" ಎಂದು ಅವರನ್ನು ಸಾಗಹಾಕಿದ್ದೆ. ನೀರು ನಿಂತಿತು. ಮಾರ್ಚಿನಲ್ಲಿ ಬೆಂಕಿ ಶುರುವಾಯಿತು. ಡಾಂಬರು ಹಗಲೆಲ್ಲ ಬಿಸಿಲು ಕುಡಿದು ಸ್ಲ್ಯಾಬಿಗೆ ಇಳಿಸುವುದು, ಸ್ಲ್ಯಾಬು ಸಂಜೆ ಅದನ್ನು ಕೋಣೆಗೆ ಬಿಡುವುದು. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ಮೈಮೇಲೆ.

ಏಪ್ರಿಲಿನ ಮೀಟಿಂಗಿನಲ್ಲಿ ಮಾಸ್ತರಿಗೆ ಐದು ನಿಮಿಷ ಕೊಡಿಸಿದ್ದೆ. ಮೊದಲೇ ಕೈ ಹಿಡಿದು ಹೇಳಿದ್ದೆ: "ಮಾಸ್ತರ, ಒಂದ ಮಾತ ಹೇಳ್ರಿ ಸಾಕು. ನಮ್ಮ ಮನ್ಯಾಗ ಹಿಂಗಿಂಗ ಅದ, ಆಕಿಗೆ ತ್ರಾಸ ಆಗಾಕತ್ತದ ಅಂತ. ಎಲ್ಲಾರೂ ಕೈ ಎತ್ತತಾರ."

"ಅದು ವಾದ ಅಲ್ಲ ಮಾರಾಯ್ರೆ, ಬೇಡುವುದು. ವಿಷಯ ಸರಿ ಉಂಟಾದರೆ ಬೇಡುವ ಅಗತ್ಯ ಎಂತದ್ದು?"

ಎದ್ದು ನಿಂತರು. ಎರಡು ಡಬ್ಬಿ ಮುಚ್ಚಳ ತಂದಿದ್ದರು, ಒಂದಕ್ಕೆ ಕಪ್ಪು, ಒಂದಕ್ಕೆ ಸುಣ್ಣ. ಎರಡರ ಮೇಲೂ ಮೇಣದ ಬಿಲ್ಲೆ ಇಟ್ಟು, ಯಾವುದು ಮೊದಲು ಕರಗುತ್ತದೆ ನೋಡಿ ಎಂದು ಎಲ್ಲರನ್ನೂ ಬಿಸಿಲಿಗೆ ಕರೆದರು. ಒಬ್ಬರೂ ಏಳಲಿಲ್ಲ. ಉರಿಯುವ ಬೆಂಕಿಕಡ್ಡಿ ಒಂದು ಬಕೆಟ್ ಬಿಸಿನೀರಿಗಿಂತ ಎಷ್ಟೋ ಬಿಸಿ, ಆದರೆ ಬೆಂಕಿಕಡ್ಡಿಯಲ್ಲಿ ಸ್ನಾನ ಮಾಡಲಿಕ್ಕೆ ಆಗ್ತದಾ ಎಂದು ಕೇಳಿದರು. ಉಷ್ಣ ಬೇರೆ, ತಾಪ ಬೇರೆ ಎಂದು ನಲವತ್ತು ನಿಮಿಷ. ಚೇರ್ಮನ್ನರು ಎರಡು ಸಲ ಆಕಳಿಸಿದರು. ಕೊನೆಗೆ, ಶೀಟಿನ ಮೇಲೆ ಏನು ಬಳಿದರೂ ಕಂತ್ರಾಟುದಾರನ ಗ್ಯಾರಂಟಿ ಹೋಗುತ್ತದೆ ಎಂದು ಯಾರೋ ತಕರಾರು ಎಬ್ಬಿಸಿದರು, ಅಲ್ಲಿಗೆ ಮುಗಿಯಿತು. ಹೆಂಡತಿಯ ಹೆಸರು ಆ ನಲವತ್ತು ನಿಮಿಷದಲ್ಲಿ ಒಮ್ಮೆಯೂ ಬರಲಿಲ್ಲ. ನನಗೆ ಬಂದ ಸಿಟ್ಟಿಗೆ ಆ ಮುಚ್ಚಳಗಳನ್ನು ಕಿಟಕಿಯಿಂದ ಎಸೆಯಬೇಕೆನಿಸಿತು. ಡಾಂಬರು ಹಾಕಿಸಿದವನು ಯಾರು ಎಂದೂ ಅವರು ಹೇಳಲಿಲ್ಲ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಮೇ ತಿಂಗಳಲ್ಲಿ ಮಾಸ್ತರು ತಾವೇ ದಾರಿ ಹುಡುಕಿದರು. ಡೊಂಬಿವಲಿಯಲ್ಲಿ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಬ್ಯಾನರುಗಳಿಗೆ ಬರವಿಲ್ಲ. ಹಬ್ಬ ಮುಗಿದು ಗಟಾರದ ಬದಿಗೆ ಬಿದ್ದಿದ್ದ ಆರು ಬ್ಯಾನರುಗಳನ್ನು ತಂದು, ತೊಳೆದು, ತಮ್ಮ ಮಲಗುವ ಕೋಣೆಯ ಮೇಲಿನ ಡಾಂಬರಿನ ಮೇಲೆ ಹಾಸಿ, ಅಂಚಿಗೆ ಇಟ್ಟಿಗೆ ಹೇರಿದರು. ಬ್ಯಾನರಿನ ಬೆನ್ನು ಬಿಳಿಯಲ್ಲವೇ, ಅದು ಆಕಾಶಕ್ಕೆ. ನಾಯಕರ ನಗುಮುಖ ಡಾಂಬರಿಗೆ. ಗ್ಯಾರಂಟಿಗೂ ಏನೂ ಆಗಲಿಲ್ಲ. ಆ ಭಾನುವಾರ ಬೆಲ್ ಬಾರಿಸಿದವರ ಮುಖದಲ್ಲಿ ಹಬ್ಬ: "ಸೆಕ್ರೆಟರಿಯವರೇ, ಮೂವತ್ತಾರು!"

ಮೂರು ದಿನಕ್ಕೆ ಆ ನಾಯಕರ ಪಕ್ಷದ ವಾರ್ಡ್ ಕಾರ್ಯಕರ್ತರೊಬ್ಬರು ನಾಲ್ಕು ಜನರೊಂದಿಗೆ ಬಂದರು. ಹಾಸುವುದನ್ನು ಪಕ್ಕದ ಕಟ್ಟಡದಿಂದ ನೋಡಿದ ಯಾರೋ ಹೇಳಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಮಣಿಕಟ್ಟಿನ ತುಂಬ ದೇವರ ದಾರ. "ಆಮಚ್ಯಾ ಭಾವೂಂಚಾ ಫೋಟೋ ಉಲಟಾ?" ಎಂದು ಗೇಟಿನಿಂದಲೇ ಕೂಗು. ನಮ್ಮ ನಾಯಕರನ್ನು ಮುಖ ಅಡಿಯಾಗಿ ಕೆಡವಿ ಅವಮಾನ ಮಾಡಿದ್ದೀರಿ ಎಂಬುದು ದೂರು. ನಾನು ಅವರ ಹಿಂದೆ ಮೆಟ್ಟಿಲು ಹತ್ತಿದೆ. ಟೆರೇಸಿನಲ್ಲಿ ಮಾಸ್ತರು ಇಟ್ಟಿಗೆ ಸರಿಮಾಡುತ್ತಿದ್ದರು. ನಮ್ಮನ್ನು ನೋಡಿ ಖುಷಿಯಾದರು, ಕೊನೆಗೂ ತರಗತಿ ತುಂಬಿತು ಎಂಬಂತೆ. ತಮ್ಮ ಕರಾವಳಿಯ ಮರಾಠಿಯಲ್ಲಿ ವಿಕಿರಣ ಶುರುಮಾಡಿಯೇಬಿಟ್ಟರು.

ಒಬ್ಬ ಇಟ್ಟಿಗೆಯನ್ನು ಕಾಲಿನಿಂದ ಒದ್ದ. ನನಗೆ ಭಯ, ಅದಕ್ಕಿಂತ ಹೆಚ್ಚು ಸಿಟ್ಟು. ವರ್ಷದ ಸಿಟ್ಟೆಲ್ಲ ಒಮ್ಮೆಲೇ ಬಂತು. "ಸಾಕ್ ಮಾಡ್ರಿ ಮಾಸ್ತರ ನಿಮ್ಮ ಪಾಠಾ! ತಗೀರಿ ಇವನ್ನ! ಇಲ್ಲಾಂದ್ರ ಬಾಯಿಬಿಟ್ಟು ಹೇಳ್ರಿ ಯಾಕ ಹಾಕೀರಿ ಅಂತ!"

ಮಾಸ್ತರು ನನ್ನ ಕಡೆ ನೋಡಿದರು. ಆಮೇಲೆ ಆ ಕಾರ್ಯಕರ್ತನ ಎದುರು, ಡಾಂಬರಿನ ಮೇಲೆ ನಿಂತು, ಎರಡೂ ಕೈ ಜೋಡಿಸಿದರು. ನನ್ನ ಹೆಂಡತಿ ಕೆಳಗೆ ಮಲಗಿದ್ದಾಳೆ, ಎದ್ದು ಹೋಗಲಿಕ್ಕೆ ಆಗುವುದಿಲ್ಲ, ಅವಳಿಗೆ ಸೆಖೆ ತಡೆಯುವುದಿಲ್ಲ, ದಯವಿಟ್ಟು ಎಂದರು. ಮರಾಠಿಯಲ್ಲಿ, ಮೂರೇ ಮಾತು.

ಆ ಮನುಷ್ಯ ಮೆತ್ತಗಾಗಿಬಿಟ್ಟ. "ಕಾಕಾ, ಆಧೀ ಸಾಂಗಾಯಚಂ ನಾ," ಮೊದಲೇ ಹೇಳಬಾರದಿತ್ತೇ ಎಂದು ಮಾಸ್ತರ ಹೆಗಲು ಹಿಡಿದ. ಸಂಜೆಯೊಳಗೆ ಏನೂ ಅಚ್ಚಾಗದ ಬಿಳಿ ಫ್ಲೆಕ್ಸಿನ ಇಡೀ ಸುರುಳಿಯೇ ಬಂತು. ಅವನ ಜನರೇ ಹಾಸಿ, ಬಿಗಿದು ಹೋದರು. ನಾನು ಹೇಳಿದ್ದೇ ನಿಜವಾಯಿತು. ಒಂದು ನಿಮಿಷದ ಕೆಲಸಕ್ಕೆ ಈ ಮಾಸ್ತರು ಇಡೀ ಬೇಸಿಗೆ ನನ್ನ ಪ್ರಾಣ ಹಿಂಡಿದ್ದರು. ಗೆದ್ದವನ ಹಾಗೆ ಕೆಳಗಿಳಿದೆ, ಚಹಾ ಕುಡಿದೆ.

ಆಮೇಲೆ ಭಾನುವಾರ ಬೆಲ್ ಆಗಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ "ಹೇಗಿದ್ದೀರಿ?" ಎನ್ನುತ್ತಿದ್ದರು, ಎಲ್ಲರಂತೆ. ಎಷ್ಟು ಡಿಗ್ರಿ ಎಂದು ನಾನೇ ಒಮ್ಮೆ ಕೇಳಿದೆ. "ಅಡ್ಡಿಯಿಲ್ಲ" ಎಂದರು. ಮಳೆಗಾಲಕ್ಕೆ ಮುಂಚೆ ಮನೆ ಬಾಡಿಗೆಗೆ ಕೊಟ್ಟು, ಇಬ್ಬರೂ ಘಣಸೋಲಿಯಲ್ಲಿರುವ ಮಗಳ ಮನೆಗೆ ಹೋದರು. ಅಲ್ಲೇ ಈ ಜನವರಿಯಲ್ಲಿ, ಬೆಳಿಗ್ಗೆ ಹಾಲು ತರಲು ಹೋದ ಮಾಸ್ತರು ಹಾಲಿನ ಅಂಗಡಿಯಲ್ಲೇ ಕುಸಿದುಬಿದ್ದರಂತೆ. ಮಗಳು ಫೋನು ಮಾಡಿದಾಗ ಎಲ್ಲ ಮುಗಿದಿತ್ತು.

ಹದಿಮೂರನೇ ದಿನದ ಕಾರ್ಯ ಕಳೆದ ಮೇಲೆ ಹೋದೆ. ಮಗಳ ಮನೆ ಎರಡನೇ ಮಹಡಿ, ತಂಪಾಗಿತ್ತು. ಗಿರಿಜಕ್ಕ ಕಿಟಕಿಯ ಪಕ್ಕ ದಿಂಬಿಗೊರಗಿ ಕೂತಿದ್ದರು. ಲಕ್ವಾದಿಂದ ಮಾತು ತೊದಲುತ್ತಿತ್ತು, ನಿಧಾನವಾಗಿ ಒಂದೊಂದೇ ಪದ ಆರಿಸಿ ಇಡುತ್ತಿದ್ದರು. "ಇಲ್ಲಿ ಸೆಖಿ ತ್ರಾಸ ಇಲ್ಲಲ್ರಿ ಅಕ್ಕಾರ" ಎಂದೆ.

"ಸೆಖೆ ನಾನು ತಡಕೊಳ್ತಿದ್ದೆ," ಎಂದರು. "ಅವರು ಯಾರ ಹತ್ತಿರವೂ ಕೈ ಮುಗಿದವರಲ್ಲ. ಆ ದಿನ ಮೇಲಿಂದ ಬಂದು ಗೋಡೆ ಕಡೆ ತಿರುಗಿ ಕೂತರು. ಊಟ ಮಾಡಲಿಲ್ಲ."

ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನೀವು ಅಲ್ಲೇ ಇದ್ದಿರಂತಲ್ಲ?"

"ಹೌದ್ರಿ," ಎಂದೆ. "ಬಾಜೂಕ ನಿಂತಿದ್ನಿ."