ನೀಲಪ್ಪನ ತಲೆಯ ಗೆರೆ

ಇಳಕಲ್ಲಿನ ನೀಲಪ್ಪ ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು ಶಿರೂರು, ಬಾದಾಮಿ, ಚೊಳಚಗುಡ್ಡ ಸುತ್ತಿ ಮಾರುವವನು. ಒಡಲಿಗೆ ಸೆರಗು ಕೂಡಿಸಿದ ಗೆರೆಯನ್ನು ಯಾರಾದರೂ ಹರಕು ಎಂದರೆ, "ಬೆಳಕಿಗೆ ಹಿಡದ ನೋಡಬೇ ಯವ್ವಾ, ಅದು ಜೋಡು. ಹರಕು ನಿನ್ನ ಕಣ್ಣಾಗ ಐತಿ" ಎಂದು ಬಾಯಿ ಮುಚ್ಚಿಸುತ್ತಿದ್ದ.

೧೯೭೮ರ ಬೇಸಿಗೆಯಲ್ಲಿ ಬಸ್ಸಿನಿಂದ ಇಳಿಯುವಾಗ ಅಂಗಾತ ಬಿದ್ದ. ತಲೆಯ ಹಿಂದೆ, ಬಲಕ್ಕೆ, ಬುಗುಟೆ ಎದ್ದಿತು. ಎಕ್ಸರೇ ತೆಗೆದವನು ಫೋಟೋ ನೋಡಿ ಲೊಚಗುಟ್ಟಿದ: "ಬುರುಡಿ ಬುಡದಾಗ ಗೆರಿ ಕಾಣತೈತ್ರಿ. ಸೀಳಿದ್ರೂ ಸೀಳಿರಬೇಕು. ಬಾಗಲಕೋಟಿ ಡಾಕ್ಟರಿಗೆ ತೋರಿಸ್ರಿ." ಆ ಡಾಕ್ಟರು ಸಿಗುವುದು ಸೋಮವಾರ, ಅಂದು ಗುರುವಾರ.

ಅಲ್ಲಿಯವರೆಗೆ ನೀಲಪ್ಪ ಕತ್ತು ತಿರುಗಿಸಲಿಲ್ಲ. ಕರೆದರೆ ಮೈಯಿಡೀ ತಿರುಗುವನು. ಸೀನು ಬಂದರೆ ಮೂಗು ಹಿಡಿದು ನುಂಗುವನು. ಹೆಂಡತಿ ಶಾರವ್ವ ರೊಟ್ಟಿ ಬಡಿದರೆ ಸಪ್ಪಳ ನೇರ ಗೆರೆಗೇ ತಾಗುತ್ತಿತ್ತು.

"ಸಾವಕಾಶ ಬಡಿ."

"ರೊಟ್ಟಿ ಬಡದ್ರ ನಿಮ್ಮ ತಲಿ ಒಡಿತೈತೇನ್ರಿ?" ಎಂದಳು. ಮರುದಿನ ಮಾತ್ರ ಅನ್ನಕ್ಕಿಟ್ಟಳು.

ಮೂಲೆಯ ಗಂಟು ಕಂಡಾಗಲೆಲ್ಲ ಒಂದೇ ಚಿಂತೆ: ಇದನ್ನು ಹೊರುವ ತಲೆ ಉಳಿಯಿತೋ, ಹೋಯಿತೋ? ಫೋಟೋವನ್ನು ಕಿಟಕಿಗೆ ಹಿಡಿದು ಹತ್ತು ಸಲ ನೋಡಿದ. ಹತ್ತು ಸಲವೂ ಗೆರೆ ಒಂದಿಷ್ಟು ಬೆಳೆದಿತ್ತು.

ಸೋಮವಾರ ಮುದಿ ಡಾಕ್ಟರು ಫೋಟೋವನ್ನು ದೀಪದ ಮುಂದೆ ಸಿಕ್ಕಿಸಿದರು. "ಯಾವ ಕಡೆ ಪೆಟ್ಟು ಬಿತ್ತು?"

"ಬಲಕ್ಕರಿ."

"ಮತ್ತ ಎಡಕ್ಕೂ ಇಂಥಾದ ಗೆರಿ ಐತಲ್ಲಪಾ! ಒಂದ ಪೆಟ್ಟಿಗೆ ಎರಡೂ ಕಡೆ ಅಳತಿ ಹಿಡದು ಸೀಳತೈತೇನು? ಅಂಚು ನೋಡು, ಹಲ್ಲು ಹಲ್ಲು ಐತಿ. ಕೂಸಿದ್ದಾಗ ಇದು ಎಲ್ಲಾರಿಗೂ ಇರತೈತಿ, ಆಮ್ಯಾಲ ಬೆಸಕೊಂಡು ಹೋಗತೈತಿ. ನಿಂದು ಹಂಗ ಉಳದೈತಿ. ಕೆಲವರಿಗೆ ಉಳೀತೈತಿ. ಇದು ಜೋಡು."

ಇಪ್ಪತ್ತು ವರ್ಷ ತಾನೇ ಮಾರಿದ ಮಾತು. ಆದರೆ ಈಗ ಕೊಳ್ಳುವವರ ಕಡೆ ಕೂತಿದ್ದನಲ್ಲ, ನಂಬಿಕೆ ಬರಲಿಲ್ಲ. "ಹರಕಲ್ಲ ಅಂತೀರಿ?" ಎಂದು ಮೂರು ಸಲ ಕೇಳಿದ. "ಗಂಟು ಹೊರಬಹುದೇನ್ರಿ?"

"ಬುಗುಟಿ ಇಳೀಲಿ. ಎಂಟು ದಿನ ಬಿಟ್ಟು ಹೊರು."

ಒಂಬತ್ತನೆಯ ದಿನ ಬೆಳಗ್ಗೆ ಶಾರವ್ವ ಗಂಟನ್ನು ಅರ್ಧ ಎತ್ತಿ ನಿಂತಳು. "ಖರೇನ ಜೋಡು ಅಂದಾರೇನ್ರಿ?"

"ಅಂದಾರ. ಇಡ ಲೇ."

ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತ. ಗಂಟು ಕೂತಿತು. ಎಲ್ಲೂ ಚಟ್ ಎನ್ನಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಓಣಿಯ ತಿರುವು ಮುಟ್ಟುವಷ್ಟರಲ್ಲಿ ಸೀನು ಬಂತು. ಕೈ ಮೂಗಿನ ಕಡೆ ಹೊರಟು ಅರ್ಧಕ್ಕೇ ನಿಂತಿತು. ಬಾಗಿಲಲ್ಲಿದ್ದ ಶಾರವ್ವನಿಗೂ ಕೇಳಿಸುವಂತೆ ಸೀನಿಬಿಟ್ಟ.